ಲೋಹಿತಾಶ್ವನನ್ನು ಕರೆಯುವ ಪದ್ಯ: ನನ್ನ ಗಮಕದ ಅನುಭವ

ಹಾಸನದಲ್ಲಿ ಗಮಕ ವಾಚನ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕೆಲಸ, ಮಾಡುತ್ತ ಬಂದಿರುವ ನಾನು, ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಚಂದ್ರಮತಿ ಮಗ ಲೋಹಿತಾಶ್ವನನ್ನು ಕಳೆದುಕೊಳ್ಳುವ ಭಾಗವನ್ನು ಬಹಳ ಕಾಲ ತಪ್ಪಾಗಿಯೇ ಓದುತ್ತಿದ್ದೆ. ಆರು ವರ್ಷದ ನನ್ನ ಮಗ ಜ್ವರದಲ್ಲಿ ತೀರಿಕೊಂಡ ಮೇಲೆ ಆ ಪದ್ಯಗಳ ಮೇಲೆ ನನಗೊಂದು ಹಕ್ಕು ಬಂದಿದೆಯೆಂದು ಭಾವಿಸಿ, ಆರಂಭದಿಂದಲೇ ಶೋಕದ ಮುಖಾರಿ ರಾಗ ಹಿಡಿದು, ಎರಡನೆಯ ಪದ್ಯಕ್ಕೆ ಗಂಟಲು ಕಟ್ಟಿ ನಿಲ್ಲಿಸಿಬಿಡುತ್ತಿದ್ದೆ. ಸಭೆ ಅಳುತ್ತಿತ್ತು, ನಿಜ; ಆದರೆ ನನ್ನ ಮುಖ ನೋಡಿ ಅಳುತ್ತಿತ್ತು.

"ಕಾಡಿಗೆ ಹೋದ ಹುಡುಗ ಇನ್ನೂ ಬರಲಿಲ್ಲವಲ್ಲ ಅಂತ ಆಕೆ ಕಾಯುತ್ತಿದ್ದಾಳಮ್ಮ. ಹಾವು ಕಚ್ಚಿದ್ದು ನಿನಗೆ ಗೊತ್ತು, ಆಕೆಗೆ ಗೊತ್ತಿಲ್ಲ" ಎಂದರು ನಮ್ಮ ಗುರುಗಳು.

ಅಂದು ರಾತ್ರಿ ಪದ್ಯವನ್ನು ಬಿಡಿಸಿಕೊಂಡು ಕುಳಿತೆ. ಕಾವ್ಯದ ಛಂದಸ್ಸಾದ, ಆರು ಸಾಲಿನ ವಾರ್ಧಕ ಷಟ್ಪದಿಯಲ್ಲಿ ಐದು ಮಾತ್ರೆಯ ಗಣಗಳು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 20 ಮಾತ್ರೆ, ಮೂರು ಮತ್ತು ಆರನೆಯದಕ್ಕೆ 32. ಬಂದವರನ್ನು, ದಾರಿಯಲ್ಲಿ ನಿಂತವರನ್ನು, ಕಡೆಗೆ ಗಾಳಿಯ ಸದ್ದನ್ನೂ ಆ ತಾಯಿ 'ಲೋಹಿತಾಶ್ವಾ' ಎಂದು ಕರೆಯುವ ಪದ್ಯದಲ್ಲಿ, 'ಲೋಹಿತಾ' ಎಂಬಲ್ಲಿಗೆ ಗಣ ಮುಗಿದು 'ಶ್ವಾ' ಮುಂದಿನ ಗಣದ ತಲೆಗೆ ಬೀಳುತ್ತದೆ. ಗಮಕಿಯಾದವಳು ಗಣಕ್ಕೆ ತಕ್ಕಂತೆ ಹೆಸರನ್ನು ತುಂಡರಿಸಬಾರದು. ಆದರೆ ಆ 'ಶ್ವಾ' ಮೇಲೆ ದನಿಯನ್ನು ತುಸು ನಿಲ್ಲಿಸಿದರೆ, ಸಂಜೆ ಹೊಸಿಲಲ್ಲಿ ನಿಂತು ಆಟಕ್ಕೆ ಹೋದ ಮಕ್ಕಳನ್ನು ಕೂಗುವ ಎಳೆತವೇ ಅಲ್ಲಿ ಬರುತ್ತದೆ. ಕವಿ ಅವಳನ್ನು ಬೀದಿಗರುವಿಗೆ, ಅಂದರೆ ಬೀದಿಯಲ್ಲಿ ಅಲೆಯುವ ಕರುವಿಗೆ, ಹೋಲಿಸುತ್ತಾನೆ. ಕರುವನ್ನು ಕಳೆದುಕೊಂಡ ಹಸು ಎನ್ನಬಹುದಿತ್ತು, ತಾಯಿಯನ್ನೇ ಕರುವಾಗಿಸಿದ್ದಾನೆ.

ಮಗನ ಸಾವಿನ ಸುದ್ದಿ ಬರುವುದೂ ಅದೇ ಪದ್ಯದ ಉತ್ತರಾರ್ಧದಲ್ಲಿ. ಅಲ್ಲಿಗೆ ಮುಖಾರಿಗೆ ಹೊರಳಬೇಕೆಂದು ಮೊದಲು ಅಂದುಕೊಂಡಿದ್ದೆ. ಆದರೆ ನನಗೆ ಫೋನು ಬಂದಾಗ ನಾನು ಆಸ್ಪತ್ರೆಗೆ ಒಯ್ಯಲು ಗಂಜಿ ಬಸಿಯುತ್ತಿದ್ದೆ. ಮಾತು ಮುಗಿದ ಮೇಲೂ ಬಸಿದು ಮುಗಿಸಿ, ಡಬ್ಬಿಯ ಮುಚ್ಚಳ ತಿರುಗಿಸಿದ್ದೆ. ಆದ್ದರಿಂದ ಇಡೀ ಪದ್ಯವನ್ನು ಆನಂದಭೈರವಿ ರಾಗದಲ್ಲೇ ಓದಿ, ಸುದ್ದಿಯನ್ನೂ ಅದೇ ಧಾಟಿಯಲ್ಲಿ ಹೇಳಿ, ಪ್ರಲಾಪ ಶುರುವಾದ ಮೇಲಷ್ಟೇ ಮುಖಾರಿಗೆ ಬರುತ್ತೇನೆ. ಗುರುಗಳು ಒಪ್ಪಿದರು.

ಕೊನೆಯದೊಂದು ಹಟ ಉಳಿದಿತ್ತು. ವಿಶ್ವನಾಥ ಪ್ರತ್ಯಕ್ಷನಾಗಿ ಲೋಹಿತಾಶ್ವ ಬದುಕಿ ಏಳುವ ಭಾಗವನ್ನು ನಾನು ಓದುತ್ತಿರಲಿಲ್ಲ. ಸ್ಮಶಾನಕ್ಕೇ ನಿಲ್ಲಿಸಿ ಮಂಗಳ ಹಾಡುತ್ತಿದ್ದೆ. ಬೇಲೂರಿನ ಕಡೆಯ ಒಂದು ಹಳ್ಳಿಯಲ್ಲಿ ಹಾಗೆ ಮುಗಿಸಿದಾಗ ಮುದುಕಿಯೊಬ್ಬರು ಜಗಲಿಯಿಂದ ಏಳಲೇ ಇಲ್ಲ. "ಮಗೀನ ಎಬ್ಬಿಸ್ದೇ ನಿಲ್ಲಿಸ್ಬುಟ್ಟಲ್ಲವ್ವ" ಎಂದರು. ಮಡಚಿದ್ದ ಪುಸ್ತಕವನ್ನು ಮತ್ತೆ ಬಿಚ್ಚಿ, ಮಂಗಳಕ್ಕೆ ಹಾಡುವ ಮಧ್ಯಮಾವತಿ ರಾಗದಲ್ಲಿ ಆ ಭಾಗವನ್ನು ಓದಿದೆ. ಆ ಪದ್ಯಗಳಿಗೆ ಅಭ್ಯಾಸವಿಲ್ಲದೆ ಎರಡು ಕಡೆ ಮಾತ್ರೆ ತಪ್ಪಿತು.