ಸಸ್ಪೆನ್ಷನ್ ಲಿಫ್ಟ್: ಇಂಚಿನ ಲೆಕ್ಕಕ್ಕೂ ಮೊದಲು ನೋಡಬೇಕಾದದ್ದು

ಆಫ್‌ರೋಡ್ ಗಾಡಿಗೆ ಲಿಫ್ಟ್, ಅಂದರೆ ಗಾಡಿಯನ್ನು ಎತ್ತರಿಸುವ ಬದಲಾವಣೆ, ಹಾಕಿಸಲು ಹೊರಟವರ ಮೊದಲ ಪ್ರಶ್ನೆ, ‘ಎಷ್ಟು ಇಂಚು ಎತ್ತರಿಸಲಿ?’ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಯಾವ ಟೈರ್ ಹಾಕುತ್ತೀರಿ, ಗಾಡಿ ಎಷ್ಟು ಭಾರ ಹೊರಬೇಕು ಎಂಬುದು ತೀರ್ಮಾನವಾದರೆ ಎತ್ತರದ ಉತ್ತರ ತಾನಾಗಿಯೇ ಸಿಗುತ್ತದೆ.

ಮೊದಲು ಟೈರ್

ಲಿಫ್ಟ್ ಹಾಕಿದರೆ ಗಾಡಿಯ ಅಡಿಭಾಗವೆಲ್ಲ ಮೇಲೇರುತ್ತದೆ ಎಂದು ಅನೇಕರು ಅಂದುಕೊಂಡಿರುತ್ತಾರೆ. ಹಾಗಲ್ಲ. ಎಡಬಲ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸಿರುವ ಗಾಡಿಯಲ್ಲಿ ಮೇಲೇರುವುದು ಚಾಸಿಸ್ ಮತ್ತು ಬಾಡಿ ಮಾತ್ರ. ಕಲ್ಲಿಗೆ ಮೊದಲು ತಗಲುವ ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿ ಉಬ್ಬಿಕೊಂಡಿರುವ ಗೇರ್ ಪೆಟ್ಟಿಗೆ) ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರ್. 31 ಇಂಚಿನ ಟೈರ್ ತೆಗೆದು 33 ಇಂಚಿನದು ಹಾಕಿದರೆ ಡಿಫರೆನ್ಷಿಯಲ್ 1 ಇಂಚು ಮೇಲೇರುತ್ತದೆ, ಅಷ್ಟೇ.

ಹಾಗಾದರೆ ಲಿಫ್ಟ್ ಯಾಕೆ ಬೇಕು? ದೊಡ್ಡ ಟೈರ್ ಮಡ್‌ಗಾರ್ಡ್‌ಗೆ ಉಜ್ಜದಿರಲು. ಜೊತೆಗೆ ದಿಬ್ಬ ಹತ್ತುವಾಗ ಮುಂದಿನ ಬಂಪರ್, ಇಳಿಯುವಾಗ ಹಿಂದಿನದು, ನೆತ್ತಿ ದಾಟುವಾಗ ಹೊಟ್ಟೆ ನೆಲಕ್ಕೆ ತಾಗದಿರಲು. ಮಣ್ಣುರಸ್ತೆಯ ಓಡಾಟ ಮಾತ್ರ ಇದ್ದರೆ ಒಳ್ಳೆ ಟೈರ್, ಒಳ್ಳೆ ಶಾಕ್ ಅಬ್ಸಾರ್ಬರ್ ಸಾಕು. ಲಿಫ್ಟ್ ಸುಮ್ನೆ ಖರ್ಚು.

ಆಮೇಲೆ ಭಾರ

ಜನ ಅವಸರದಲ್ಲಿ ದಾಟಿಬಿಡುವ ಹಂತ ಇದು. ಎರಡು ಸ್ಪ್ರಿಂಗ್‌ಗಳು ಒಂದೇ ಎತ್ತರ ಕೊಟ್ಟರೂ ಅವುಗಳ ಗಡಸುತನ ಬೇರೆಬೇರೆ ಇರಬಹುದು. ಉಕ್ಕಿನ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ), ಮೇಲ್ಛಾವಣಿಯ ಟೆಂಟ್, ನೀರಿನ ಟ್ಯಾಂಕ್ ಇವೆಲ್ಲ ಗಾಡಿಯಲ್ಲಿ ಸದಾ ಇರುತ್ತವೆಯೋ, ಪ್ರವಾಸಕ್ಕೆ ಮಾತ್ರವೋ? ಸದಾ ಇರುವ ಭಾರಕ್ಕೆ ತಕ್ಕ ಸ್ಪ್ರಿಂಗ್ ಆರಿಸಬೇಕು. ಭಾರಿ ಸ್ಪ್ರಿಂಗ್ ಹಾಕಿ ಖಾಲಿ ಗಾಡಿ ಓಡಿಸಿದರೆ ಸೊಂಟಕ್ಕೆ ಪೆಟ್ಟು. ಚಕ್ರವೂ ನೆಲಕ್ಕೆ ಕಚ್ಚಿಕೊಳ್ಳದೆ ಕುಪ್ಪಳಿಸುತ್ತದೆ. ಮೆದು ಸ್ಪ್ರಿಂಗ್ ಮೇಲೆ ಭಾರ ಹೇರಿದರೆ, ದುಡ್ಡು ಕೊಟ್ಟು ಪಡೆದ ಎತ್ತರ ಅಷ್ಟೂ ಕುಸಿಯುತ್ತದೆ. ಊಹೆ ಬೇಡ. ವೇ ಬ್ರಿಡ್ಜ್‌ನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ನ ತೂಕವನ್ನು ಬೇರೆಬೇರೆಯಾಗಿ ನೋಡಿ, ಆ ಅಂಕಿ ಹಿಡಿದು ಕಿಟ್ ಕೇಳಿ.

ಯಾವ ಬಗೆ?

ಸ್ಪೇಸರ್, ಅಂದರೆ ಹಳೆಯ ಸ್ಪ್ರಿಂಗ್‌ಗೆ ಒತ್ತಾಗಿ ಕೂರಿಸುವ ತುಂಡು, ಎಲ್ಲಕ್ಕಿಂತ ಅಗ್ಗ. ಸ್ಪ್ರಿಂಗ್, ಶಾಕ್ ಹಳೆಯವೇ ಉಳಿಯುವುದರಿಂದ ಎತ್ತರ ಸಿಗುತ್ತದೆ, ಓಟ ಸುಧಾರಿಸುವುದಿಲ್ಲ. ಬಾಡಿ ಲಿಫ್ಟ್ ಚಾಸಿಸ್‌ನಿಂದ ಬಾಡಿಯನ್ನಷ್ಟೇ ಮೇಲೆತ್ತುತ್ತದೆ. ಟೈರ್‌ಗೆ ಜಾಗವಾಗುತ್ತದೆ, ಚಾಸಿಸ್ ಮಾತ್ರ ಅಲ್ಲೇ. ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಗಾಡಿಗೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬ್ಲಾಕ್, ಅಂದರೆ ಗಟ್ಟಿ ತುಂಡು, ಇಡುವ ರೂಢಿಯಿದೆ. ಮುಂದಿನ ಆಕ್ಸಲ್‌ಗೆ ಯಾರಾದರೂ ಬ್ಲಾಕ್ ಇಡುತ್ತೇನೆಂದರೆ ಒಪ್ಪಬೇಡಿ. ಒರಟು ದಾರಿಯಲ್ಲಿ ನಿಜವಾಗಿ ಓಡಿಸುವವರಿಗೆ ನನ್ನ ಸಲಹೆ: ಒಂದಕ್ಕೊಂದು ಹೊಂದುವ ಸ್ಪ್ರಿಂಗ್ ಮತ್ತು ಶಾಕ್ ಇರುವ ಪೂರ್ತಿ ಕಿಟ್.

ಈಗ ಇಂಚು

ಬೇಕಾದ ಟೈರ್ ಕೂರುವಷ್ಟು ಎತ್ತರ, ಅದಕ್ಕಿಂತ ಜಾಸ್ತಿ ಬೇಡ. ಬಹಳಷ್ಟು ಗಾಡಿಗಳಿಗೆ 2 ಇಂಚಿನ ಆಸುಪಾಸು ಸಾಕಾಗುತ್ತದೆ. ಮೇಲೆ ಹೋದಂತೆಲ್ಲ ಬಾಲ ಬೆಳೆಯುತ್ತದೆ. ಕ್ಯಾಸ್ಟರ್ ಕೋನ (ಪಕ್ಕದಿಂದ ನೋಡಿದಾಗ ಮುಂದಿನ ಚಕ್ರ ತಿರುಗುವ ಅಕ್ಷದ ಓರೆ) ಕಡಿಮೆಯಾಗಿ ಸ್ಟೇರಿಂಗ್ ಅತ್ತಿತ್ತ ಅಲೆಯಬಹುದು. ಆಕ್ಸಲನ್ನು ಅಡ್ಡಡ್ಡ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಇದ್ದರೆ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕಡಿದಾಗಿ ನಡುಕ ಶುರುವಾಗಬಹುದು. ಸ್ವತಂತ್ರ ಸಸ್ಪೆನ್ಷನ್ (ಎಡಬಲ ಚಕ್ರಗಳು ಬೇರೆಬೇರೆಯಾಗಿ ಆಡುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟ್ ಬೇಗ ಸವೆಯುತ್ತದೆ. ಇವನ್ನು ಸರಿಪಡಿಸುವ ಬಿಡಿಭಾಗಗಳ ಖರ್ಚನ್ನೂ ಕಿಟ್‌ನ ಬೆಲೆಗೆ ಸೇರಿಸಿಯೇ ಹೋಲಿಸಿ. ಎತ್ತರದ ಗಾಡಿ ಓರೆ ನೆಲದಲ್ಲಿ ಬೇಗ ಮಗುಚುತ್ತದೆ ಎಂಬುದಂತೂ ಯಾವ ಬಿಡಿಭಾಗಕ್ಕೂ ಬಗ್ಗದ ವಿಷಯ. ನೋಂದಣಿ ನಿಯಮ, ವಿಮೆ, ವಾರಂಟಿ ಏನು ಹೇಳುತ್ತವೆ ಎಂದು ಆರ್ಡರ್ ಕೊಡುವ ಮೊದಲೇ ಕೇಳಿಕೊಳ್ಳಿ.

ಹಾಕಿಸುವ ದಿನ

ಪ್ರತಿ ಚಕ್ರದ ನಡುವಿನಿಂದ ಮಡ್‌ಗಾರ್ಡ್‌ನ ಅಂಚಿನವರೆಗಿನ ಎತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳಿ. ರಬ್ಬರ್ ಬುಷ್‌ಗಳ ಬೋಲ್ಟನ್ನು ಗಾಡಿ ತನ್ನ ಚಕ್ರದ ಮೇಲೆ ನಿಂತಾಗಲೇ ಪೂರ್ತಿ ಬಿಗಿಯಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ಬುಷ್ ತಿರುಚಿಕೊಂಡು ಹರಿಯುತ್ತದೆ. ಚಕ್ರ ಪೂರ್ತಿ ಕೆಳಗಿಳಿದಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆಯುತ್ತಿದೆಯೇ ನೋಡಿ. ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿ. 31ರಿಂದ 33ಕ್ಕೆ ಹೋಗಿದ್ದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಸುಮಾರು 64ರಲ್ಲಿ ಓಡುತ್ತಿರುತ್ತದೆ, ನೆನಪಿರಲಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟ್‌ಗಳ ಬಿಗಿಯನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ನೋಡಿಸಿ. ಹೊಸ ಸ್ಪ್ರಿಂಗ್ ಅಷ್ಟರಲ್ಲಿ ತುಸು ಕುಳಿತಿರುತ್ತದೆ, ಎತ್ತರವನ್ನೂ ಆಗಲೇ ಇನ್ನೊಮ್ಮೆ ಅಳೆಯಿರಿ.