ಸಿನ್ಸಿನಾಟಿಯಾಗ ಮೇಯರ್‌ಗ ಓಟ್ ಹಾಕೋದು ಹ್ಯಾಂಗ, ಮೊದಲ್ನೇ ಸಲ ಹಾಕೋ ನಮ್ಮ ಹುಡುಗ್ರಿಗಿ

ಸಿನ್ಸಿನಾಟಿ ಅಂದ್ರ ಅಮೆರಿಕದ ಓಹಾಯೋ ರಾಜ್ಯದ ಊರು. ನಮ್ಮ ಅಕ್ಕನ ಮಗ ಅಲ್ಲೇ ಸಿಟಿಜನ್ ಆಗಿ 2025ರ ನವೆಂಬರ್‌ದಾಗ ಮೊದಲ್ನೇ ಸಲ ಓಟ್ ಹಾಕ್ದ, ನಾನು ಇಲ್ಲಿ ಕಲಬುರಗಿ ಬ್ರಹ್ಮಪುರದ ಮನ್ಯಾಗ ಕುಂತು ವಿಡಿಯೋ ಕಾಲ್‌ದಾಗ ಅವನ ಜೋಡಿ ಎಲ್ಲಾ ಓದ್ಕೋತ ಹೋದೆ, ಅದಕ್ಕ ಬರೀಲಾಕತ್ತೀನಿ.

ನಮ್ಮಲ್ಲಿ ಮೇಯರ್‌ನ ನಾವು ಆರ್ಸಂಗಿಲ್ಲ, ಕಾರ್ಪೊರೇಟರ್, ಎಂಎಲ್ಎ, ಎಂಪಿ ಎಲ್ಲಾ ಸೇರಿ ಆರಿಸ್ತಾರ. 55 ವಾರ್ಡಿಗಿ 2021ರ ಸೆಪ್ಟೆಂಬರ್‌ದಾಗ ಪಾಳಿ ಹಚ್ಚಿ ಓಟ್ ಹಾಕಿದ್ವಿ, ಮೇಯರ್ ಆಗಿದ್ದು 2023ರ ಮಾರ್ಚ್‌ದಾಗ, ಅಲ್ಲಿ ತನಕ ಊರಿಗಿ ಮೇಯರೇ ಇಲ್ಲ! ಸಿನ್ಸಿನಾಟಿ ಬರೇ ಮೂರು ಲಕ್ಷ ಚಿಲ್ಲರ ಮಂದಿ ಇರೋ ಊರು, ಆದ್ರ ಅಲ್ಲಿ ಮಂದೀನೇ ನಾಲ್ಕು ವರ್ಷಕ್ಕ ನೇರ ಆರಿಸ್ತಾರ. ಇಂಥ ಓಟ್ ಕೈಯಾಗ ಇಟ್ಕೊಂಡು ಮನ್ಯಾಗ ಕುಂಡ್ರಬ್ಯಾಡ್ರಿ.

ಎಚ್1ಬಿ (ಕೆಲಸದ ವೀಸಾ), ಗ್ರೀನ್ ಕಾರ್ಡ್ (ಕಾಯಂ ಇರೋ ಪರವಾನಗಿ) ಇದ್ದೋರು ಮಾತ್ರ ಇದರ ತಂಟೀಗಿ ಹೋಗಬ್ಯಾಡ್ರಿ, ತಪ್ಪಿ ಹೆಸರು ನೋಂದಾಯಿಸಿದ್ರೂ ವಾಪಸ್ ಕಳಿಸೋ ತನಕ ಹೋಗ್ತದ.

ಸಿಟಿಜನ್ ಆದೋರು ಮೊದ್ಲು ಡ್ರೈವಿಂಗ್ ಲೈಸೆನ್ಸ್ ತೆಗ್ದು ನೋಡ್ರಿ. ಓಹಾಯೋದಾಗ ಸಿಟಿಜನ್ ಅಲ್ಲದವರ ಕಾರ್ಡಿನ ಮ್ಯಾಲ 'ನಾನ್‌ಸಿಟಿಜನ್' ಅಂತ ಅಚ್ಚು ಹಾಕಿರ್ತಾರ, ಆ ಕಾರ್ಡ್ ತಗೊಂಡು ಹೋದ್ರ ಬೂತ್‌ನಾಗ ನಡ್ಯಂಗಿಲ್ಲ. ನಮ್ಮ ಹುಡುಗಂದೂ ಹಂಗೇ ಇತ್ತು, ಸಿಟಿಜನ್ ಆಗೋ ಪ್ರಮಾಣ ಮಾಡಿ ಬಂದ ಮ್ಯಾಲ ಬದಲ್ ಮಾಡ್ಸೋದು ಮರ್ತಿದ್ದ, ಕೊನೀಗಿ ಅಮೆರಿಕದ ಪಾಸ್‌ಪೋರ್ಟ್ ಒಯ್ದ, ಅದು ನಡೀತದ. ಫೋಟೋ ಐಡಿ ಬೇಕೇ ಬೇಕು, ಹೊರದೇಶದ ಸಿಟಿಜನ್ ಆದ ಭಾರತ ಮೂಲದವರಿಗಿ ಭಾರತ ಸರ್ಕಾರ ಕೊಡೋ ಓಸಿಐ ಕಾರ್ಡ್ ಆಗಂಗಿಲ್ಲ. ಹೆಸರು ನೋಂದಣಿ ಇಲೆಕ್ಷನ್‌ಗಿಂತ 30 ದಿನ ಮೊದ್ಲೇ ಮುಗೀಬೇಕು, ಆನ್‌ಲೈನ್‌ದಾಗೇ ಆಗ್ತದ, ಮನಿ ಬದಲ್ ಮಾಡಿದ್ರ ಅಡ್ರೆಸ್‌ನೂ ಬದಲ್ ಮಾಡ್ರಿ.

ಈಗ ಓಟಿನ ಚೀಟಿ. ಮಶೀನ್ ಬಟನ್ ಅಲ್ಲ, ಉದ್ದಂದು ಕಾಗದ, ಹೆಸರಿನ ಮಗ್ಗಲದ ಖಾಲಿ ಜಾಗ ಪೆನ್ನಿಲೆ ತುಂಬಬೇಕು. ಪಾರ್ಟಿ ಹೆಸರೂ ಇರಂಗಿಲ್ಲ, ಕೈ, ಕಮಲ ಅಂಥ ಚಿಹ್ನೆನೂ ಇರಂಗಿಲ್ಲ, ಬರೇ ಹೆಸರು. ಮೇಯರ್‌ಗ ಮೇ ತಿಂಗಳಾಗ ಒಂದು ಸುತ್ತು ಆಗಿ ಉಳಿದ ಇಬ್ಬರೊಳಗ ಒಬ್ಬರಿಗಿ ಹಾಕಬೇಕು, ಕೌನ್ಸಿಲ್‌ಗ (ನಮ್ಮ ಕಾರ್ಪೊರೇಟರ್‌ಗಳ ಸಭಾ ಹಂಗ) ಮಾತ್ರ ಒಂಬತ್ತು ಮಂದಿ ತನಕ ಆರಿಸಬಹುದು, ಹತ್ತನೇದಕ್ಕ ಗುರ್ತು ಹಾಕಿದ್ರೋ ಕೌನ್ಸಿಲ್ ಓಟ್ ಎಲ್ಲಾ ನೀರಾಗ ಹೋಗ್ತದ! ಅದಕ್ಕ ಸ್ಯಾಂಪಲ್ ಚೀಟಿ ಮೊದ್ಲೇ ಇಳಿಸ್ಕೊಂಡು ಮನ್ಯಾಗ ಕುಂತು ಹೆಸರು ಗುರ್ತು ಮಾಡ್ರಿ.

ಈಗಿನ ಮೇಯರ್ ಅಫ್ತಾಬ್ ಪುರೇವಾಲ್, ತಂದಿ ಪಂಜಾಬಿ, ತಾಯಿ ಟಿಬೆಟ್‌ನೋರು, 2021ರಾಗ ಒಮ್ಮೆ, 2025ರಾಗ ಮತ್ತೊಮ್ಮೆ ಗೆದ್ದಾರ. ಹೆಸರು ನಮ್ಮ ಕಡಿಯವರ ಹಂಗ ಕೇಳ್ತದ ಅಂತ ಓಟ್ ಹಾಕೋದು ಸರಿ ಅಲ್ಲ, ಕೆಲಸ ಕೇಳ್ರಿ. ದಿನದ ಆಡಳಿತ ಸಿಟಿ ಮ್ಯಾನೇಜರ್ ನೋಡ್ತಾರ, ಅವ್ರನ್ನ ನೇಮಕ ಮಾಡೋದು ಮೇಯರ್, ಹಂಗಾಗಿ ರೋಡು, ಕಸ, ಪೊಲೀಸ್, ಮನಿ ಬಾಡಗಿ ಬಗ್ಗಿ ಮೇಯರ್‌ನ ಕೇಳ್ರಿ. ಸಾಲಿ ಸುದ್ದಿಗಿ ಸ್ಕೂಲ್ ಬೋರ್ಡ್ ಬ್ಯಾರೇನೇ ಅದ.

ಮಂಗಳವಾರ ಇಲೆಕ್ಷನ್, ಆಫೀಸಿಗಿ ಸೂಟಿ ಇರಂಗಿಲ್ಲಂದ್ರೂ ಬೂತ್ ಮುಂಜಾನಿ 6:30ಕ್ಕ ತೆಗೀತದ, ಸಂಜಿ 7:30ರೊಳಗ ಪಾಳ್ಯಾಗ ನಿಂತ್ರ ಸಾಕು. ಮುಂದ 2027ರಾಗ ಕೌನ್ಸಿಲ್, 2029ರಾಗ ಮೇಯರ್.

ಬೆರಳಿಗಿ ಮಸಿ ಹಚ್ಚಂಗಿಲ್ರಿ. ಅಕ್ಕ ಅದರ ಫೋಟೋ ಸಲುವಾಗಿ ರಾತ್ರಿ ತನಕ ಎದ್ದಿದ್ಳು, ಅಂಗಿ ಮ್ಯಾಲ ಹಚ್ಕೊಂಡ ಸಣ್ಣ ಸ್ಟಿಕರ್ ಬಂತು, ಅದನ್ನೇ ದೊಡ್ಡದು ಮಾಡಿ ಮಾಡಿ ನೋಡಿದ್ಳು.