ಮಡಚೋ ಚಾಕು ಕೈಗೆ ಸರಿಯಾಗಿ ಕೂರುತ್ತಾ ಅಂತ ನೋಡೋದು ಹೇಗೆ

ಬ್ಲೇಡ್ ಎಷ್ಟು ಚೂಪು ಅನ್ನೋದು ಆಮೇಲೆ, ಮೊದಲು ಚಾಕು ಬಿಚ್ಚಿ, ಬ್ಲೇಡ್ ಮತ್ತೆ ಮಡಚಿಕೊಳ್ಳದ ಹಾಗೆ ಲಾಕ್ ಬಿದ್ದಿದೆಯಾ ಅಂತ ಖಾತ್ರಿ ಮಾಡ್ಕೊಂಡು ಹಿಡಿಕೇನ ಗಟ್ಟಿಯಾಗಿ ಹಿಡೀರಿ, ನಾಲ್ಕೂ ಬೆರಳು ಅದ್ರ ಮೇಲೇ ಕೂರಬೇಕು, ಕಿರುಬೆರಳು ಹೊರಗೆ ಜೋತಾಡ್ತಿದ್ರೆ ಆ ಸೈಜ್ ನಿಮಗಲ್ಲ. ಬೆರಳಿಗೆ ಅಂತ ಹಳ್ಳ ಕೊರೆದಿರೋ ಹಿಡಿಕೆ ನೋಡೋಕೇನೋ ಚೆಂದ, ಆದ್ರೆ ನಿಮ್ಮ ಬೆರಳು ಆ ಅಳತೇಲಿ ಇಲ್ದಿದ್ರೆ ಉಬ್ಬುಗಳೇ ಒತ್ತುತ್ವೆ, ನಂಗಂತೂ ಸಾದಾ ಹಿಡಿಕೆನೇ ಇಷ್ಟ. ತೀರಾ ತೆಳು ಇದ್ರೆ ಕೈಲಿ ತಿರುಗುತ್ತೆ.

ಆಮೇಲೆ ಈ ಪಾಕೆಟ್ ಕ್ಲಿಪ್, ಅಂದ್ರೆ ಚಾಕುನ ಜೇಬಿಗೆ ಸಿಕ್ಕಿಸೋಕೆ ಹಿಡಿಕೆ ಮೇಲಿರೋ ಪಟ್ಟಿ! ಎರಡು ನಿಮಿಷ ಹಿಡಿದ್ರೆ ಏನೂ ಗೊತ್ತಾಗಲ್ಲ, ಒಂದು ದಪ್ಪ ರಟ್ಟಿನ ಡಬ್ಬ ಪೂರ್ತಿ ಕತ್ತರಿಸಿ ಅಂಗೈ ನೋಡ್ಕೊಳ್ಳಿ, ಕ್ಲಿಪ್ಪಿನ ತುದಿ ಕೂತಿದ್ದ ಜಾಗದಲ್ಲಿ ಕೆಂಪು ಗೆರೆ ಮೂಡಿದ್ರೆ ಸ್ಕ್ರೂ ಬಿಚ್ಚಿ ಕ್ಲಿಪ್ಪನ್ನ ಇನ್ನೊಂದು ಕಡೆ ಹಾಕಿ, ಇಲ್ಲಾಂದ್ರೆ ತೆಗೆದೇಬಿಡಿ.